ಬಸಿನೀರಿಗೆ ಬಾಗಿಲು ಬೇಕು

ಹಸಿ ತ್ಯಾಜ್ಯದಿಂದ ಕಲ್ಲಿದ್ದಲಿನಂಥ ಘನ ಇಂಧನ ಮಾಡುವ ಹೈಡ್ರೋಥರ್ಮಲ್ ಕಾರ್ಬನೈಸೇಶನ್ ಎಂಬ ವಿಧಾನವಿದೆ, ಚಿಕ್ಕದಾಗಿ ಎಚ್‌ಟಿಸಿ. ಅದರ ಬಗ್ಗೆ ಬರುವ ಯೋಜನಾ ವರದಿ, ಪ್ರಚಾರ ಪತ್ರ, ಅನುದಾನದ ಅರ್ಜಿಗಳನ್ನು ತಿರುವಿದರೆ ಒಂದೇ ಬಗೆಯ ನಕ್ಷೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎಡಗಡೆಯಿಂದ ಕೆಸರು ಒಳಗೆ ಹೋಗುತ್ತದೆ, ಬಲಗಡೆಯಿಂದ ಇದ್ದಿಲು ಹೊರಗೆ ಬರುತ್ತದೆ, ಇವೆರಡರ ನಡುವೆ ನೀರು ಒಂದು ದುಂಡು ಬಾಣವಾಗಿ ಸುತ್ತಿ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಬೇಯಿಸಿ ಹಿಂಡಿದಾಗ ಬರುವ ನೀರನ್ನು ಮುಂದಿನ ಸರದಿಗೆ ಮರುಬಳಸುತ್ತೇವೆ, ಆದ್ದರಿಂದ ಘಟಕದಿಂದ ಹೊರಬೀಳುವ ದ್ರವ ತ್ಯಾಜ್ಯ ಏನೂ ಇಲ್ಲ ಎಂಬುದು ಆ ಬಾಣದ ಅರ್ಥ. ಇದನ್ನು ಯಾರೂ ತಡೆದು ಕೇಳುವುದಿಲ್ಲ. ನೀರಿನ ಮರುಬಳಕೆಯನ್ನು ವಿರೋಧಿಸುವುದೆಂದರೆ ಗಿಡ ನೆಡುವುದನ್ನು ವಿರೋಧಿಸಿದ ಹಾಗೆ ಕಾಣುವ ಕಾಲ ಇದು. ಆದರೆ ಆ ಬಾಣ ಸುಳ್ಳು. ಎಚ್‌ಟಿಸಿ ನಿಜವಾಗಿ ಬೇಕಾಗುವ ಕಡೆ ನೀರಿನ ಮರುಬಳಕೆಗೆ ಜಾಗವೇ ಇರುವುದಿಲ್ಲ. ಮರುಬಳಕೆಗೆ ಜಾಗವಿರುವ ಕಡೆ ಎಚ್‌ಟಿಸಿಯ ಅಗತ್ಯವೇ ಅನುಮಾನ. ಈ ಎರಡು ಬೇರೆ ಬೇರೆ ಸಂದರ್ಭಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಿ ಬರೆದದ್ದರಿಂದಲೇ ಈ ನಂಬಿಕೆ ಇಷ್ಟು ಗಟ್ಟಿಯಾಗಿ ನಿಂತಿದೆ.

ವಿಧಾನ ಹೊಸದಲ್ಲ. ಜರ್ಮನಿಯ ಫ್ರೀಡ್ರಿಶ್ ಬೆರ್ಗಿಯುಸ್ ಸೆಲ್ಯುಲೋಸನ್ನು ನೀರಿನೊಳಗೆ ಒತ್ತಡದಲ್ಲಿ ಕಾಯಿಸಿ ಕಲ್ಲಿದ್ದಲಿನಂಥ ವಸ್ತು ಪಡೆದದ್ದನ್ನು 1913ರಲ್ಲೇ ವಿವರಿಸಿದ್ದರು. ಅಧಿಕ ಒತ್ತಡದ ರಸಾಯನ ವಿಧಾನಗಳಿಗಾಗಿ 1931ರ ನೊಬೆಲ್ ಬಹುಮಾನವನ್ನು ಅವರು ಕಾರ್ಲ್ ಬಾಷ್ ಜೊತೆ ಹಂಚಿಕೊಂಡರು. ಆಮೇಲೆ ಬಹುಕಾಲ ಮೂಲೆ ಸೇರಿದ್ದ ಈ ವಿದ್ಯೆಯನ್ನು ಈ ಶತಮಾನದ ಮೊದಲ ದಶಕದಲ್ಲಿ ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಮಾರ್ಕುಸ್ ಆಂಟೋನಿಯೆಟ್ಟಿ ಮತ್ತೆ ಹೊರತೆಗೆದರು. ಹಸಿ ಪದಾರ್ಥವನ್ನು 180ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಆವಿಯಾಗದಂತೆ ಮುಚ್ಚಿದ ಪಾತ್ರೆಯಲ್ಲಿ, ಕೆಲವು ತಾಸು ಇಡುತ್ತಾರೆ. 220 ಡಿಗ್ರಿಗೆ ಸುಮಾರು 23 ಬಾರ್ ಒತ್ತಡ ತಾನಾಗಿಯೇ ಏಳುತ್ತದೆ. ಜಾಣತನ ಇರುವುದು ಆವಿಯಾಗಲು ಬಿಡದಿರುವುದರಲ್ಲಿ. ಒಂದು ಕಿಲೋ ನೀರನ್ನು ಆವಿ ಮಾಡಿ ಓಡಿಸಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಅದೇ ನೀರನ್ನು ದ್ರವವಾಗಿಯೇ 25ರಿಂದ 220 ಡಿಗ್ರಿಗೆ ಏರಿಸಲು 840 ಕಿಲೋಜೂಲ್ ಸಾಕು, ಅದರಲ್ಲೂ ಬಹುಪಾಲನ್ನು ಮರಳಿ ಪಡೆಯಬಹುದು. ಜೀವಕೋಶಗಳು ಒಡೆದು, ನೀರನ್ನು ಹಿಡಿದಿಟ್ಟುಕೊಳ್ಳುವ ಗುಣ ಕಳೆದುಹೋಗಿರುವುದರಿಂದ, ಹಿಂಡಿದರೆ ನೂರಕ್ಕೆ ಇಪ್ಪತ್ತರಷ್ಟು ಘನಾಂಶವಿದ್ದ ಕೆಸರು ಅರವತ್ತು ದಾಟಿದ ಗಟ್ಟಿ ಹಿಂಡಿಯಾಗುತ್ತದೆ. ಎಚ್‌ಟಿಸಿಯ ನಿಜವಾದ ಕೆಲಸ ಇದ್ದಿಲು ಮಾಡುವುದಕ್ಕಿಂತ ಹೆಚ್ಚಾಗಿ ನೀರನ್ನು ಬಿಡಿಸುವುದು. ಹಾಗೆ ಬಿಡಿಸಿದ ನೀರನ್ನೇ ಮತ್ತೆ ಒಳಗೆ ಸುರಿಯುವ ಯೋಚನೆ ಎಲ್ಲಿಂದ ಬಂತು?

ಬಂದದ್ದು ಆ ನೀರಿನ ಭಯದಿಂದ. ಬಸಿನೀರು ಕಂದುಗಪ್ಪು, ಹುಳಿ, ಸುಟ್ಟ ವಾಸನೆ. ಅಸಿಟಿಕ್, ಫಾರ್ಮಿಕ್, ಲೆವುಲಿನಿಕ್ ಆಮ್ಲಗಳು, ಫರ್ಫ್ಯೂರಲ್, ಫೀನಾಲುಗಳು, ಕರಗಿ ಉಳಿದ ಸಕ್ಕರೆ ಎಲ್ಲ ಅದರಲ್ಲಿವೆ. ಚರಂಡಿ ಕೆಸರಿನಿಂದ ಬಂದದ್ದಾದರೆ ಇವುಗಳ ಜೊತೆ ಧಾರಾಳ ಅಮೋನಿಯವೂ, ಸುಲಭವಾಗಿ ಕೊಳೆಯದ ಸಾರಜನಕದ ಸಂಯುಕ್ತಗಳೂ ಸೇರಿರುತ್ತವೆ. ಮಾಲಿನ್ಯದ ಅಳತೆಗೋಲಾದ ಸಿಒಡಿ ಲೀಟರಿಗೆ ಹತ್ತಾರು ಗ್ರಾಂ ಇರುತ್ತದೆ. ಮನೆಗಳಿಂದ ಬರುವ ಕೊಳಚೆ ನೀರಿನಲ್ಲಿ ಅದು ಒಂದು ಗ್ರಾಮನ್ನೂ ಮುಟ್ಟುವುದಿಲ್ಲ. ಇಂಥ ನೀರನ್ನು ಇಟ್ಟುಕೊಂಡ ಉದ್ಯಮಿಗೆ ಎರಡು ದಾರಿ: ಅದನ್ನು ಸಂಸ್ಕರಿಸುವ ಖರ್ಚನ್ನು ಯೋಜನೆಯ ಲೆಕ್ಕದಲ್ಲಿ ಬರೆಯುವುದು, ಇಲ್ಲವೇ ನೀರೇ ಹೊರಬರುವುದಿಲ್ಲ ಎನ್ನುವುದು. ಎರಡನೆಯದು ಅಗ್ಗ, ಅದಕ್ಕೆ ವಿಜ್ಞಾನದ ಬೆಂಬಲವೂ ಇರುವಂತೆ ತೋರುತ್ತದೆ.

ಆ ಬೆಂಬಲ ಏನೆಂದು ನ್ಯಾಯವಾಗಿ ನೋಡೋಣ. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡವೊಂದು 2013ರಲ್ಲಿ ಪಾಪ್ಲರ್ ಮರದ ಚಕ್ಕೆಗಳನ್ನು ಬೇಯಿಸಿ, ಅದೇ ನೀರನ್ನು ಮತ್ತೆ ಮತ್ತೆ ಬಳಸಿ ಫಲಿತಾಂಶ ಪ್ರಕಟಿಸಿತು. ಮರುವರ್ಷ ಅಮೆರಿಕದಲ್ಲಿ ಲೋಬ್ಲಾಲಿ ಪೈನ್ ಮರದ ಮೇಲೆ, ಜರ್ಮನಿಯಲ್ಲಿ ಕಾಗದದ ಮೇಲೆ ಅದೇ ಬಗೆಯ ಪ್ರಯೋಗಗಳು ನಡೆದವು. ಒಟ್ಟಾರೆ ಕಂಡದ್ದು ಹೀಗೆ: ನೀರನ್ನು ಮರುಬಳಸಿದಾಗ ಇದ್ದಿಲಿನ ಇಳುವರಿ ಹೆಚ್ಚುತ್ತದೆ, ಶಾಖಮೌಲ್ಯ ಇಳಿಯುವುದಿಲ್ಲ ಅಥವಾ ಕೊಂಚ ಏರುತ್ತದೆ, ನೀರಿನಲ್ಲಿರುವ ಆಮ್ಲಗಳು ಕ್ರಿಯೆಗೆ ವೇಗ ಕೊಡುತ್ತವೆ, ಕರಗಿದ ಕೆಲವು ಪದಾರ್ಥಗಳು ಒಂದಕ್ಕೊಂದು ಬೆಸೆದು ಘನವಾಗಿ ಇಳಿಯುತ್ತವೆ. ಈ ಪ್ರಯೋಗಗಳಲ್ಲಿ ದೋಷವಿದೆ ಎಂದು ನನ್ನ ವಾದವಲ್ಲ. ಅವು ಕೇಳಿಕೊಂಡ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿವೆ. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ: ಮರದ ಚಕ್ಕೆ, ಪೈನ್, ಕಾಗದ. ಯಾವುದೂ ಹಸಿ ತ್ಯಾಜ್ಯವಲ್ಲ. ಪ್ರಯೋಗಾಲಯದಲ್ಲಿ ಒಣ ಪದಾರ್ಥವನ್ನು ತೂಗಿ, ಅದರ ಹಲವು ಪಟ್ಟು ನೀರನ್ನು ಹೊರಗಿನಿಂದ ಸುರಿಯುತ್ತಾರೆ. ಸುರಿಯಲೇಬೇಕಾದ ನೀರು ಅಷ್ಟು ಇರುವುದರಿಂದಲೇ ಹಳೆಯ ನೀರನ್ನು ಹೊಸ ನೀರಿನ ಬದಲು ಹಾಕಲು ಸಾಧ್ಯವಾಯಿತು. ಕೆಸರು, ಆಹಾರ ತ್ಯಾಜ್ಯಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಮಾದರಿಯನ್ನು ಒಣಗಿಸಿಯೋ ತೆಳುಮಾಡಿಯೋ ನೀರಿಗೆ ಜಾಗ ಮಾಡಿಕೊಂಡರೆ ಮಾತ್ರ ಮರುಬಳಕೆಯನ್ನು ಪರೀಕ್ಷಿಸಲು ಬರುತ್ತದೆ. ಪ್ರಯೋಗದ ಅನುಕೂಲಕ್ಕಾಗಿ ಮಾಡಿಕೊಂಡ ಈ ಏರ್ಪಾಡು ಕಾರ್ಖಾನೆಯ ನಕ್ಷೆಗೆ ಹಾಗೆಯೇ ಹತ್ತಿಬಂದಿದೆ.

ಕಾರ್ಖಾನೆಯಲ್ಲಿ ಏನಾಗುತ್ತದೆಂದು ತಿಳಿಯಲು ರಸಾಯನಶಾಸ್ತ್ರ ಬೇಡ, ಕೂಡು-ಕಳೆ ಸಾಕು. ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ ಹಿಂಡಿ ತೆಗೆದ ಒಂದು ಟನ್ ಕೆಸರನ್ನು ತೆಗೆದುಕೊಳ್ಳಿ. ಘನಾಂಶ ನೂರಕ್ಕೆ 20 ಎಂದರೆ 200 ಕಿಲೋ ಒಣ ಪದಾರ್ಥ, 800 ಕಿಲೋ ನೀರು. ಒಣ ಪದಾರ್ಥದಲ್ಲಿ ನೂರಕ್ಕೆ 65ರಷ್ಟು ಇದ್ದಿಲಾಗಿ ಉಳಿಯಿತು ಎಂದು ಇಟ್ಟುಕೊಂಡರೆ 130 ಕಿಲೋ. ಅದನ್ನು ಚೆನ್ನಾಗಿ ಹಿಂಡಿ 65 ಘನಾಂಶಕ್ಕೆ ತಂದರೆ ಹಿಂಡಿಯ ಒಟ್ಟು ತೂಕ 200 ಕಿಲೋ. ಅದು ತನ್ನೊಡನೆ ಒಯ್ಯುವ ನೀರು 70 ಕಿಲೋ ಮಾತ್ರ. ಅನಿಲವಾಗಿ ಹೋಗುವುದು ಹತ್ತು ಕಿಲೋ ಇರಬಹುದು. ಉಳಿದ 790 ಕಿಲೋ ದ್ರವ. ಮುಂದಿನ ಟನ್ ಕೆಸರು ಬಾಗಿಲಲ್ಲಿ ನಿಂತಿದೆ, ಅದೂ ತನ್ನ 800 ಕಿಲೋ ನೀರನ್ನು ತಾನೇ ಹೊತ್ತು ತಂದಿದೆ. ಅದಕ್ಕೆ ನಿಮ್ಮ 790 ಕಿಲೋ ಏತಕ್ಕೆ? ಸುರಿಯಲೇಬೇಕೆಂದು ಹಟ ಹಿಡಿದು ಸುರಿದರೆ, ಆ ಸರದಿಯ ಕೊನೆಗೆ 1,580 ಕಿಲೋ ಕೈಯಲ್ಲಿರುತ್ತದೆ, ಅದರ ಮುಂದಿನದಕ್ಕೆ 2,370. ಘಟಕ ನಡೆಯುವಷ್ಟು ದಿನವೂ ಒಳಗೆ ಬಂದಷ್ಟು ನೀರು ಹೊರಗೆ ಹೋಗಲೇಬೇಕು. ಮರುಬಳಕೆಯ ಪ್ರಮಾಣ ಹತ್ತಿರಲಿ, ಐವತ್ತಿರಲಿ, ತೊಂಬತ್ತಿರಲಿ, ದಿನದ ಕೊನೆಗೆ ಹೊರಬೀಳುವ ನೀರು ಒಂದು ಲೀಟರೂ ಕಡಿಮೆಯಾಗುವುದಿಲ್ಲ. ಒಳಗೆ ಸುತ್ತುವ ನೀರು ಹೆಚ್ಚಾದಷ್ಟೂ ಒತ್ತಡದ ಪಾತ್ರೆ ದೊಡ್ಡದಾಗಬೇಕು, ಪಂಪು ದೊಡ್ಡದಾಗಬೇಕು, ಕಾಯಿಸುವ ಹೊರೆ ಬೆಳೆಯಬೇಕು, ಅಷ್ಟೆ.

ಇಲ್ಲಿ ಒಬ್ಬ ಜಾಣ ಎದುರಾಳಿ ಹೀಗೆನ್ನಬಹುದು: ನೀರಿನ ಪ್ರಮಾಣ ಕಡಿಮೆಯಾಗದಿದ್ದರೂ ಅದು ಗಟ್ಟಿಯಾಗುತ್ತದೆ, ಗಟ್ಟಿಯಾದ ನೀರನ್ನು ಸಂಸ್ಕರಿಸುವುದು ಸುಲಭ, ಅದರಲ್ಲಿನ ಆಮ್ಲದ ಲಾಭವೂ ಸಿಗುತ್ತದೆ. ಮೇಲುನೋಟಕ್ಕೆ ಒಪ್ಪಬಹುದಾದ ಮಾತು. ಆದರೆ ಗಟ್ಟಿಯಾಗುವುದು ಯಾವುದಕ್ಕೆ ಹೋಲಿಸಿದರೆ? ಪ್ರಯೋಗಾಲಯದಲ್ಲಿ ಹೋಲಿಕೆ ಶುದ್ಧ ನೀರು ಸುರಿದ ಮೊದಲ ಸರದಿಯೊಡನೆ. ಹಸಿ ಕೆಸರಿನಲ್ಲಿ ಅಂಥ ಮೊದಲ ಸರದಿಯೇ ಇಲ್ಲ. ಪ್ರತಿ ಟನ್ ಕೆಸರಿನಿಂದ ಇಂತಿಷ್ಟು ಪದಾರ್ಥ ನೀರಿಗೆ ಇಳಿಯುತ್ತದೆ, ಅದು 790 ಕಿಲೋ ದ್ರವದೊಂದಿಗೆ ಹೊರಗೆ ಹೋಗುತ್ತದೆ. ಸಾಂದ್ರತೆ ಎಂದರೆ ಈ ಎರಡರ ಭಾಗಲಬ್ಧ. ಒಳಗೆ ಎಷ್ಟು ನೀರನ್ನು ಸುತ್ತಿಸಿದರೂ ಈ ಎರಡು ಸಂಖ್ಯೆಗಳಲ್ಲಿ ಯಾವುದೂ ಬದಲಾಗದು. ಅಸಿಟಿಕ್ ಆಮ್ಲದಂಥ ಪದಾರ್ಥ ಈ ಶಾಖದಲ್ಲಿ ಬೆಸೆದುಕೊಳ್ಳುವುದೂ ಇಲ್ಲ, ಕೆಡುವುದೂ ಇಲ್ಲ. ಸುತ್ತಿಸಿದರೂ ಸುತ್ತಿಸದಿದ್ದರೂ ಪಾತ್ರೆಯೊಳಗೆ ಅದರ ಸಾಂದ್ರತೆ ಅಷ್ಟೇ ಇರುತ್ತದೆ. ಬೆಸೆದುಕೊಳ್ಳುವ ಗುಣದ ಕೆಲವು ಪದಾರ್ಥಗಳಿಗೆ ಬೇಯಲು ಹೆಚ್ಚು ಸಮಯ ಸಿಕ್ಕಿ ಅಲ್ಪಸ್ವಲ್ಪ ಇದ್ದಿಲು ಹೆಚ್ಚಬಹುದೆಂದು ಒಪ್ಪೋಣ. ಅದೇ ಲಾಭಕ್ಕೆ ಕೆಸರನ್ನು ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿದರೂ ಸಾಕಿತ್ತು, ಕೊಳವೆಜಾಲ ಹಾಸಬೇಕಿರಲಿಲ್ಲ.

ಹಾಗಾದರೆ ಒಣ ಪದಾರ್ಥಗಳಲ್ಲಿ ಚಕ್ರವನ್ನು ಮುಚ್ಚಬಹುದಲ್ಲವೇ? ಮುಚ್ಚಬಹುದು, ಮತ್ತು ತೊಂದರೆಯ ಇನ್ನೊಂದು ಮುಖ ಆರಂಭವಾಗುವುದು ಅಲ್ಲೇ. ಮರದ ಚಕ್ಕೆ, ಕಾಫಿ ಹೊಟ್ಟು, ತೆಂಗಿನ ನಾರಿನ ಪುಡಿ, ಹುಲ್ಲು ಇವುಗಳೊಳಗೆ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಇವೆ. ಇವು ನೀರಿಗೆ ಸುಲಭವಾಗಿ ಇಳಿಯುತ್ತವೆ, ಯಾವ ಶಾಖಕ್ಕೂ ನಾಶವಾಗುವುದಿಲ್ಲ. ಪ್ರತಿ ಸರದಿಯಲ್ಲಿ ನೂರಕ್ಕೆ 90ರಷ್ಟು ನೀರನ್ನು ವಾಪಸು ಕಳಿಸಿದರೆ ಇಂಥ ಪದಾರ್ಥದ ಸಾಂದ್ರತೆ ಕ್ರಮೇಣ ಹತ್ತು ಪಟ್ಟಿಗೆ ಏರಿ ನಿಲ್ಲುತ್ತದೆ. 95ರಷ್ಟು ಕಳಿಸಿದರೆ ಇಪ್ಪತ್ತು ಪಟ್ಟಿಗೆ. ಕ್ಲೋರೈಡ್ ತುಂಬಿದ ಹುಳಿನೀರು ಬಿಸಿಯಾಗಿದ್ದಾಗ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲಿಗೆ ಏನು ಮಾಡುತ್ತದೆಂದು ಬಾಯ್ಲರ್ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ: ಬಿರುಕು. ಇಪ್ಪತ್ತು ಬಾರ್ ಮೀರಿದ ಪಾತ್ರೆಯಲ್ಲಿ ಬಿರುಕು ಎಂದರೆ ಹುಡುಗಾಟವಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಚ್‌ಟಿಸಿ ಇದ್ದಿಲಿನ ದೊಡ್ಡ ಗುಣವೆಂದು ಎಲ್ಲರೂ ಹೇಳುವುದು, ಅದರಿಂದ ಪೊಟ್ಯಾಸಿಯಂ, ಕ್ಲೋರಿನ್ ತೊಳೆದುಹೋಗಿರುತ್ತವೆ, ಆದ್ದರಿಂದ ಬಾಯ್ಲರಿನಲ್ಲಿ ಬೂದಿ ಕರಗಿ ಕೊಳವೆಗಳಿಗೆ ಮೆತ್ತಿಕೊಳ್ಳುವುದಿಲ್ಲ ಎಂದು. ತೊಳೆದುಹೋದದ್ದು ಎಲ್ಲಿಗೆ ಹೋಯಿತು? ನೀರಿಗೆ. ಆ ನೀರಿಗೆ ಹೊರದಾರಿ ಇಲ್ಲದಂತೆ ಮಾಡಿದರೆ ಒಳಗೆ ಬಂದ ಪೊಟ್ಯಾಸಿಯಮ್ಮಿಗೆ ಉಳಿಯುವ ಒಂದೇ ದಾರಿ ಹಿಂಡಿಯಲ್ಲಿ ಉಳಿದ ತೇವ. ಚಕ್ರ ಪೂರ್ತಿ ಮುಚ್ಚಿದ ದಿನ, ಒಳಗೆ ಬಂದಷ್ಟು ಪೊಟ್ಯಾಸಿಯಂ ಇದ್ದಿಲಿನ ಜೊತೆಯಲ್ಲೇ ಹೊರಗೆ ಹೋಗಬೇಕು. ಒಂದೇ ಯೋಜನಾ ವರದಿಯಲ್ಲಿ ದ್ರವ ತ್ಯಾಜ್ಯ ಶೂನ್ಯವೆಂದೂ ಬೂದಿಯ ಕಾಟವಿಲ್ಲದ ಇಂಧನವೆಂದೂ ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು.

ಇಳುವರಿ ಹೆಚ್ಚುವ ಮಾತನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಹಿಂಡಿಯನ್ನು ತೊಳೆಯದೆ 105 ಡಿಗ್ರಿಯಲ್ಲಿ ಒಣಗಿಸಿ ತೂಗಿದರೆ, ತೇವದೊಳಗೆ ಕರಗಿದ್ದ, ಆವಿಯಾಗಿ ಹೋಗದ ಪದಾರ್ಥವೆಲ್ಲ ಇದ್ದಿಲಿನ ಮೇಲೆ ಕುಳಿತು ಇದ್ದಿಲಿನ ಲೆಕ್ಕಕ್ಕೇ ಸೇರುತ್ತದೆ. ಒಂದು ಕಿಲೋ ಒಣ ಇದ್ದಿಲು ಒಂದು ಕಿಲೋ ನೀರನ್ನು ಹಿಡಿದಿದ್ದು, ಆ ನೀರಿನಲ್ಲಿ ಕಿಲೋಗೆ 50 ಗ್ರಾಂ ಅಂಥ ಪದಾರ್ಥ ಕರಗಿದ್ದರೆ ಇಳುವರಿ ನೂರಕ್ಕೆ ಐದು ಹೆಚ್ಚಿದಂತೆ ಕಾಣುತ್ತದೆ. ಮರುಬಳಕೆಯಿಂದ ನೀರು ಗಟ್ಟಿಯಾದಷ್ಟೂ ಈ ಹುಸಿ ಲಾಭವೂ ಬೆಳೆಯುತ್ತದೆ. ವರದಿಯಾದ ಹೆಚ್ಚಳವೆಲ್ಲ ಹೀಗೆ ಬಂದದ್ದೆನ್ನುವುದು ಅತಿಯಾದೀತು. ಬೆಸೆದು ಇಳಿದ ನಿಜವಾದ ಇದ್ದಿಲೂ ಅದರಲ್ಲಿ ಇದೆ. ಆದರೆ ಕಾರ್ಖಾನೆಯಲ್ಲಿ ಅದೇ ಹಿಂಡಿ ಒಣಗುವಾಗ ಹಗುರ ಆಮ್ಲಗಳೂ ಫರ್ಫ್ಯೂರಲ್ಲೂ ಕೆಲವು ಫೀನಾಲುಗಳೂ ಡ್ರೈಯರಿನ ಗಾಳಿಗೆ ಸೇರುತ್ತವೆ. ಚರಂಡಿಗೆ ಹೋಗಬೇಕಿದ್ದದ್ದು ಚಿಮಣಿಯಿಂದ ಹೋದರೆ ಅಕ್ಕಪಕ್ಕದ ಊರಿನವರಿಗೆ ಅದನ್ನು ಶೂನ್ಯ ವಿಸರ್ಜನೆ ಎಂದು ಒಪ್ಪಿಸುವುದು ಕಷ್ಟ.

ಈ ಪಾಠವನ್ನು ಕಲಿಯಲು ಜರ್ಮನಿಗೆ ಹೋಗಬೇಕಿಲ್ಲ, ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆಯ ಡಿಸ್ಟಿಲರಿಗಳು ಸಾಕು. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಹತ್ತು ಲೀಟರ್ ಆಸುಪಾಸು ಸ್ಪೆಂಟ್ ವಾಶ್ ಎಂಬ ತ್ಯಾಜ್ಯ ದ್ರವ ಬರುತ್ತದೆ. ಬಣ್ಣ, ಹುಳಿ, ಸಿಒಡಿ ಎಲ್ಲದರಲ್ಲೂ ಅದು ಎಚ್‌ಟಿಸಿ ಬಸಿನೀರಿನ ಅಣ್ಣ. ಕಾಕಂಬಿಯನ್ನು ತೆಳುಮಾಡಲು ನೀರು ಬೇಕಾದ್ದರಿಂದ ಸ್ಪೆಂಟ್ ವಾಶಿನ ಒಂದು ಪಾಲನ್ನು ಹಿಂದಕ್ಕೆ ಕಳಿಸುವ ಪದ್ಧತಿ ಅಲ್ಲಿ ಇದೆ. ಪೂರ್ತಿ ಕಳಿಸುವವರು ಯಾರೂ ಇಲ್ಲ, ಏಕೆಂದರೆ ಲವಣ, ಆಮ್ಲ ಶೇಖರವಾದರೆ ಯೀಸ್ಟ್ ಕೆಲಸ ನಿಲ್ಲಿಸುತ್ತದೆ. ಯೀಸ್ಟಿಗೆ ಪ್ರಾಣವಿರುವುದರಿಂದ ಮಿತಿ ಮೀರಿದ್ದು ಬೇಗ ಗೊತ್ತಾಗುತ್ತದೆ. ಉಕ್ಕಿನ ಪಾತ್ರೆ ಅಷ್ಟು ಬೇಗ ದೂರು ಹೇಳುವುದಿಲ್ಲ. ಡಿಸ್ಟಿಲರಿಗಳಿಗೆ ಶೂನ್ಯ ವಿಸರ್ಜನೆಯ ನಿಯಮ ಬಂದಾಗ ಅವು ಅದನ್ನು ಪಾಲಿಸಿದ್ದು ನೀರನ್ನು ಸುತ್ತಿಸಿ ಅಲ್ಲ. ಅವು ಹಿಡಿದ ದಾರಿಗಳು: ಅನಿಲ ತೆಗೆಯುವುದು, ಇಲ್ಲವೇ ಗಟ್ಟಿಯಾಗುವವರೆಗೆ ಬತ್ತಿಸಿ ಬಾಯ್ಲರಿನಲ್ಲಿ ಸುಡುವುದು, ಇಲ್ಲವೇ ಕಬ್ಬಿನ ಹಾಲು ಸೋಸಿ ಉಳಿದ ಪ್ರೆಸ್‌ಮಡ್ ಜೊತೆ ಗೊಬ್ಬರ ಮಾಡುವುದು. ಸುಟ್ಟ ಬೂದಿಯಲ್ಲಿ ಪೊಟ್ಯಾಷ್ ಇದೆ. ಕನಿಷ್ಠ ನೂರಕ್ಕೆ 14.5ರಷ್ಟು ಪೊಟ್ಯಾಷ್ ಇರಬೇಕೆಂಬ ಮಾನದಂಡದೊಂದಿಗೆ ಅದಕ್ಕೆ ಈಗ ಗೊಬ್ಬರದ ಮಾನ್ಯತೆ ಸಿಕ್ಕಿದೆ, 2024ರಲ್ಲಿ ಸಕ್ಕರೆ ಕಾರ್ಖಾನೆಗಳಿಗೂ ಗೊಬ್ಬರ ಕಂಪನಿಗಳಿಗೂ ಒಪ್ಪಿತವಾದ ಬೆಲೆ ಟನ್ನಿಗೆ 4,263 ರೂಪಾಯಿ. ಈ ದೇಶ ಪೊಟ್ಯಾಷನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗಿನಿಂದ ತರಿಸಿಕೊಳ್ಳುತ್ತದೆ ಎಂಬುದನ್ನು ನೆನೆದರೆ, ಅದೇ ಪದಾರ್ಥವನ್ನು ಕೊಳವೆಯೊಳಗೆ ಸುತ್ತಿಸಿ ತುಕ್ಕಿಗೆ ಮೇವು ಮಾಡುವುದು ಎಂಥ ಮಿತವ್ಯಯ?

ಶಾಖದ ವಾದ ಹೆಚ್ಚು ಗೌರವಕ್ಕೆ ಅರ್ಹ. ಬಸಿನೀರು ಬಿಸಿಯಾಗಿರುತ್ತದೆ, ಅದನ್ನು ಬಿಸಾಡಿದರೆ ಶಾಖ ಬಿಸಾಡಿದ ಹಾಗೆ, ಆದ್ದರಿಂದ ಮರುಬಳಸಿ ಎನ್ನುತ್ತಾರೆ. ಆದರೆ 220 ಡಿಗ್ರಿಯ ಗಂಜಿಯನ್ನು ಯಾರೂ ನೇರವಾಗಿ ಹಿಂಡುವ ಯಂತ್ರಕ್ಕೆ ಬಿಡುವುದಿಲ್ಲ. ಮೊದಲು ಒತ್ತಡ ಇಳಿಸಬೇಕು. ಆಗ ಏಳುವ ಉಗಿಯಿಂದ ಅಥವಾ ಶಾಖ ವಿನಿಮಯ ಯಂತ್ರದಿಂದ ಒಳಬರುವ ಕೆಸರನ್ನು ಕಾಯಿಸಬೇಕು. ನೂರು ಡಿಗ್ರಿಗಿಂತ ಕೆಳಗೆ ಬಂದ ಮೇಲೆಯೇ ಹಿಂಡುವುದು. ಅಂದರೆ ಬಸಿನೀರು ನೀರಾಗಿ ಬೇರೆಯಾಗುವ ಹೊತ್ತಿಗೆ ಬೆಲೆಬಾಳುವ ಶಾಖವೆಲ್ಲ ವಾಪಸು ಹೋಗಿಯಾಗಿದೆ. ಶಾಖವನ್ನು ಉಳಿಸಲು ನೀರನ್ನೂ ಉಳಿಸಿಕೊಳ್ಳಬೇಕೆಂಬ ನಿಯಮ ಎಲ್ಲೂ ಇಲ್ಲ, ತಗಡಿನ ಒಂದು ಗೋಡೆ ಎರಡನ್ನೂ ಬೇರ್ಪಡಿಸುತ್ತದೆ. ಕೆಸರು ಗಟ್ಟಿಯಾಗಿದ್ದು ಪಂಪಿನಲ್ಲಿ ಹರಿಯದಿದ್ದಾಗ ಒಂದಿಷ್ಟು ಬಸಿನೀರು ಬೆರೆಸಿ ಸಡಿಲಗೊಳಿಸುವುದು ಬೇರೆ ಮಾತು. ಅದು ಪಂಪಿನವನ ಉಪಾಯ, ಪರಿಸರ ನೀತಿ ಅಲ್ಲ. ನೀರಿನ ಬರದ ವಾದಕ್ಕಂತೂ ಹೆಚ್ಚು ಹೊತ್ತು ಬೇಡ. ಹಸಿ ತ್ಯಾಜ್ಯ ಬೇಯಿಸುವ ಘಟಕ ಬೋರ್‌ವೆಲ್ಲಿಗೆ ಕೈ ಚಾಚುವುದಿಲ್ಲ, ತಾನೇ ನೀರು ಹೆರುತ್ತದೆ. ಬಳಸದ ಸಿಹಿನೀರನ್ನು ಉಳಿಸಿದೆವೆಂದು ಹೇಳಿಕೊಳ್ಳಲು ಬರುವುದಿಲ್ಲ.

ಇನ್ನು ನಿಜವಾಗಿ ಬೇಕಾದ ಮಾತು: ಹೊರಬರುವ ನೀರನ್ನು ಏನು ಮಾಡಬೇಕು? ಹಳೆ ಮೈಸೂರಿನ ಅಡುಗೆಮನೆಯಲ್ಲಿ ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ನಾಳೆಯ ಸೊಪ್ಪು ಬೇಯಿಸಲು ಎತ್ತಿಡುವ ಪದ್ಧತಿಯಿಲ್ಲ, ಅದರಲ್ಲಿ ಸಾರವಿದೆಯೆಂದು ಬಸ್ಸಾರು ಮಾಡುತ್ತಾರೆ. ಎಚ್‌ಟಿಸಿ ಬಸಿನೀರಿನಲ್ಲಿರುವ ಸಾರ ಅಸಿಟಿಕ್ ಆಮ್ಲ ಮತ್ತು ಅದರ ಬಂಧುಬಳಗ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಸಿದ್ಧಾಂತದ ಪ್ರಕಾರ ಒಂದು ಕಿಲೋ ಸಿಒಡಿಯಿಂದ 0.35 ಘನ ಮೀಟರ್ ಮೀಥೇನ್ ಬರುತ್ತದೆ. ಬಸಿನೀರಿನ ಸಿಒಡಿ ಲೀಟರಿಗೆ 40 ಗ್ರಾಂ, ಅದರಲ್ಲಿ ನೂರಕ್ಕೆ 60 ಕೊಳೆಯುತ್ತದೆ ಎಂದು ಇಟ್ಟುಕೊಂಡರೆ ಒಂದು ಘನ ಮೀಟರ್ ನೀರಿಗೆ 8.4 ಘನ ಮೀಟರ್ ಮೀಥೇನ್, ಸುಮಾರು 300 ಮೆಗಾಜೂಲ್ ಶಾಖ. ನಮ್ಮ ಒಂದು ಟನ್ ಕೆಸರಿನ ಲೆಕ್ಕಕ್ಕೆ ಅದು ಹತ್ತಿರ ಹತ್ತಿರ 240 ಮೆಗಾಜೂಲ್. ಅದೇ ಟನ್ ಕೆಸರನ್ನು 220 ಡಿಗ್ರಿಗೆ ಕಾಯಿಸಲು ಒಟ್ಟು 720 ಮೆಗಾಜೂಲ್ ಬೇಕಾಗುತ್ತದೆ. ಅದರಲ್ಲಿ ಮೂರನೇ ಎರಡು ಭಾಗವನ್ನು ಉಗಿಯಿಂದ ಮರಳಿ ಪಡೆಯುವ ಘಟಕಕ್ಕೆ ಉಳಿದ ಮೂರನೇ ಒಂದು ಭಾಗವನ್ನು ಈ ಬಸಿನೀರೇ ಕೊಡುತ್ತದೆ. ಇಂಧನ ಉಳಿಸುವುದೇ ಗುರಿಯಾದರೆ ನೀರನ್ನು ಹೊರಗೆ ಬಿಡುವುದರಲ್ಲಿ ಲಾಭವಿದೆ.

ಫೀನಾಲು, ಫರ್ಫ್ಯೂರಲ್, ಅಮೋನಿಯ ಇರುವ ನೀರು ಆ ಸೂಕ್ಷ್ಮಜೀವಿಗಳನ್ನೇ ಕೊಲ್ಲುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ಒಮ್ಮೆಗೇ ಗಟ್ಟಿ ನೀರನ್ನು ಸುರಿದರೆ ಕೊಲ್ಲುತ್ತದೆ. ನಿಧಾನವಾಗಿ ಒಗ್ಗಿಸಿ, ಬೇರೆ ಹಸಿ ತ್ಯಾಜ್ಯದೊಡನೆ ಬೆರೆಸಿ, ಮೊದಲೇ ಮೀಥೇನ್ ತೆಗೆಯುವ ಡೈಜೆಸ್ಟರ್ ಇರುವ ಸಂಸ್ಕರಣಾ ಘಟಕದ ಆವರಣದಲ್ಲೇ ಎಚ್‌ಟಿಸಿಯನ್ನು ಕಟ್ಟಿದರೆ ಬಹುಪಾಲು ತೊಡಕು ಕಡಿಮೆಯಾಗುತ್ತದೆ. ಆಮೇಲೂ ಒಂದು ಪಾಲು ಕೊಳೆಯದೆ ಉಳಿಯುತ್ತದೆ ಎಂಬುದು ನಿಜ, ಅಮೋನಿಯವನ್ನು ಬೇರೆಯಾಗಿ ತೆಗೆಯಬೇಕೆಂಬುದೂ ನಿಜ. ಆದರೆ ಇದೇ ಆಕ್ಷೇಪ ಮರುಬಳಕೆಯ ಪಕ್ಷಕ್ಕೆ ಇನ್ನೂ ಬಲವಾಗಿ ತಗಲುತ್ತದೆ: ವಿಷ ಎಂದು ಹೆದರುವ ನೀರನ್ನು ಒಣ ಪದಾರ್ಥದ ಚಕ್ರದಲ್ಲಿ ಹತ್ತು ಪಟ್ಟು ಗಟ್ಟಿ ಮಾಡಿ, ಎಂದಾದರೂ ಒಂದು ದಿನ ಪಾತ್ರೆ ತೊಳೆಯುವಾಗ ಹೊರಗೆ ಬಿಡಲೇಬೇಕಲ್ಲ, ಆಗ ಯಾವ ಸೂಕ್ಷ್ಮಜೀವಿ ಅದನ್ನು ಮುಟ್ಟೀತು? ಸ್ವೀಡನ್ನಿನ ಸಿ-ಗ್ರೀನ್ ಕಂಪನಿ ಫಿನ್ಲೆಂಡಿನ ಹೈನೋಲಾದಲ್ಲಿ ಕಾಗದ ಕಾರ್ಖಾನೆಯ ಕೆಸರಿಗೆ ಕಟ್ಟಿದ ಘಟಕ ಬೇರೆ ದಾರಿ ಹಿಡಿಯಿತು. ಬಸಿನೀರಿಗೆ ಒತ್ತಡದಲ್ಲೇ ಆಮ್ಲಜನಕ ಕೊಟ್ಟು, ಕರಗಿದ ಸಾವಯವ ಪದಾರ್ಥವನ್ನು ನೀರಿನೊಳಗೇ ಉರಿಸಿ, ಹುಟ್ಟಿದ ಶಾಖವನ್ನು ಕ್ರಿಯೆಗೆ ಬಳಸುವ ವಿಧಾನ ಅದು. ದುಬಾರಿ ಇರಬಹುದು. ಆದರೆ ಅಲ್ಲಿ ನೀರಿಗೊಂದು ಬಾಗಿಲಿದೆ, ಲೆಕ್ಕ ಇದೆ.

ಮರುಬಳಕೆ ಎಲ್ಲೂ ಬೇಡವೆಂದು ಹೇಳುತ್ತಿಲ್ಲ. ಅರ್ಧ ಒಣಗಿದ, ಪಂಪಿಗೆ ಬಾರದ ಪದಾರ್ಥಕ್ಕೆ ಒಂದಷ್ಟು ನೀರು ಬೆರೆಸಬೇಕಾದಾಗ ಬಸಿನೀರನ್ನು ಬೆರೆಸಲಿ, ಜೊತೆಗೆ ಪ್ರತಿದಿನ ಒಂದು ಪಾಲನ್ನು ಹೊರಗೆ ಬಿಟ್ಟು ಲವಣವನ್ನು ಹಿಡಿತದಲ್ಲಿಡಲಿ. ಆದರೆ ತೀರ ಒಣಗಿದ್ದಕ್ಕೆ ಎಚ್‌ಟಿಸಿಯೇ ಏಕೆ? ಒಣ ಚಕ್ಕೆಗೆ, ಹೊಟ್ಟಿಗೆ ನೀರು ಸುರಿದು, ಕಾಯಿಸಿ, ಹಿಂಡಿ, ಮತ್ತೆ ಒಣಗಿಸುವುದಕ್ಕಿಂತ ಗಾಳಿಯಿಲ್ಲದೆ ಹುರಿಯುವ ಟಾರಿಫ್ಯಾಕ್ಷನ್ ಎಂಬ ಒಣ ವಿಧಾನ ಇದೆ, ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನೊಡನೆ ಉರಿಸುವ ಉಂಡೆಗಳಿಗೆ ಅದು ಈಗಾಗಲೇ ಬಳಕೆಗೆ ಬಂದಿದೆ. ಕಬ್ಬಿನ ಸಿಪ್ಪೆ ಅರ್ಧಕ್ಕರ್ಧ ತೇವವಿದ್ದರೂ ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ನೇರವಾಗಿ ಉರಿಯುತ್ತದೆ. ಎಚ್‌ಟಿಸಿಗೆ ಮೀಸಲಾಗಿ ಉಳಿಯುವುದು ಬೇರೆ ಯಾವುದೂ ಕೈಹಾಕಲಾಗದಷ್ಟು ಹಸಿಯಾದದ್ದು: ಚರಂಡಿ ಕೆಸರು, ಹೋಟೆಲು ಮಾರುಕಟ್ಟೆಗಳ ಆಹಾರ ತ್ಯಾಜ್ಯ, ಸಗಣಿ, ಬಯೋಗ್ಯಾಸ್ ಘಟಕದ ಬಗ್ಗಡ. ಅಲ್ಲೆಲ್ಲ ನೀರು ಮಿಕ್ಕೇ ಮಿಗುತ್ತದೆ.

ಕೊನೆಯ ಆಕ್ಷೇಪ ಹಣದ್ದು. ಬಸಿನೀರಿನ ಸಂಸ್ಕರಣೆಯನ್ನೂ ಸೇರಿಸಿದರೆ ಯೋಜನೆಗೆ ಬಂಡವಾಳ ಹೂಡುವವರು ಸಿಗುವುದಿಲ್ಲ ಎನ್ನುತ್ತಾರೆ. ದಿನಕ್ಕೆ 100 ಟನ್ ಕೆಸರಿನ ಘಟಕವೊಂದರ ಲೆಕ್ಕ ಹಾಕಿ ನೋಡಿದರೆ ಈ ಭಯ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮೇಲಿನ ಅಂದಾಜಿನಂತೆ ದಿನಕ್ಕೆ 80 ಘನ ಮೀಟರಿಗೆ ಒಂದಿಷ್ಟು ಕಡಿಮೆ ಬಸಿನೀರು, ಅದರೊಳಗೆ ಮೂರು ಟನ್ನಿಗೆ ತುಸು ಮೀರಿದ ಸಿಒಡಿ. ಒಬ್ಬ ಮನುಷ್ಯನ ದಿನದ ಕೊಳಚೆಗೆ 120 ಗ್ರಾಂ ಸಿಒಡಿ ಎಂದು ಹಿಡಿದರೆ ಇದು ಸುಮಾರು 26,000 ಜನರ ಕೊಳಚೆಗೆ ಸಮ. ಒಬ್ಬರಿಂದ ದಿನಕ್ಕೆ 50 ಗ್ರಾಂ ಒಣ ಕೆಸರು ಎಂದುಕೊಂಡರೆ 100 ಟನ್ ಹಸಿ ಕೆಸರು ಹುಟ್ಟಲು ನಾಲ್ಕು ಲಕ್ಷ ಜನರ ಊರು ಬೇಕು. ನಾಲ್ಕು ಲಕ್ಷ ಜನರ ಕೊಳಚೆ ಸಂಸ್ಕರಿಸುತ್ತಿರುವ ಘಟಕಕ್ಕೆ ಇನ್ನು ಇಪ್ಪತ್ತಾರು ಸಾವಿರ ಜನರ ಹೊರೆ, ನೂರಕ್ಕೆ ಆರೇಳರಷ್ಟು. ಸಾರಜನಕದ ಪಾಲು ಇದಕ್ಕಿಂತ ಹೆಚ್ಚು, ಕೊಳೆಯದ ಬಣ್ಣದ ಸಮಸ್ಯೆ ಬೇರೆ. ಹಾಗಿದ್ದರೂ ಇದು ಮೊದಲೇ ಹೇಳಿ, ಅಳೆದು, ಡೈಜೆಸ್ಟರಿನ ಗಾತ್ರ ಹೆಚ್ಚಿಸಿ ಹೊರಬಹುದಾದ ಹೊರೆ. ಮುಚ್ಚಿಟ್ಟಾಗ ಮಾತ್ರ ಅದು ಒಂದು ರಾತ್ರಿ ಟ್ಯಾಂಕರಿನಲ್ಲಿ ಹೊರಟು ಹತ್ತಿರದ ರಾಜಕಾಲುವೆ ಸೇರುತ್ತದೆ. ಆದ್ದರಿಂದ ಇಂಥ ಘಟಕಕ್ಕೆ ಟೆಂಡರ್ ಕರೆಯುವ ನಗರಪಾಲಿಕೆ, ಒಪ್ಪಿಗೆ ಕೊಡುವ ಮಾಲಿನ್ಯ ನಿಯಂತ್ರಣ ಮಂಡಳಿ ಅರ್ಜಿದಾರನಿಂದ ಕೇಳಬೇಕಾದ್ದು ಮರುಬಳಕೆ ನೂರಕ್ಕೆ ಎಷ್ಟು ಎಂಬುದನ್ನಲ್ಲ. ದಿನಕ್ಕೆ ಎಷ್ಟು ಘನ ಮೀಟರ್ ಬಸಿನೀರು ಹೊರಬೀಳುತ್ತದೆ, ಅದರಲ್ಲಿ ಎಷ್ಟು ಕಿಲೋ ಸಿಒಡಿ, ಎಷ್ಟು ಅಮೋನಿಯ, ಎಷ್ಟು ಪೊಟ್ಯಾಸಿಯಂ, ಎಷ್ಟು ಕ್ಲೋರೈಡ್, ಮತ್ತು ಯಾವ ಡೈಜೆಸ್ಟರ್ ಅದನ್ನು ತೆಗೆದುಕೊಳ್ಳುತ್ತದೆ, ಇಷ್ಟಕ್ಕೆ ಉತ್ತರ ಬೇಕು. ಮೊದಲನೆಯದರ ಮುಂದೆ ಸೊನ್ನೆ ಬರೆದಿದ್ದರೆ ಅರ್ಜಿಯನ್ನು ಅಲ್ಲಿಗೇ ವಾಪಸು ಕಳಿಸಬಹುದು.